ತಾತನ ಬ್ರಷ್ಷಿಗೆ ಹೊಸ ಗಂಟು

"ಅಲ್ಲಾಡ್ಬೇಡ ತಾತ! ಮೂಗಿನೊಳಗೆ ಹೋಗುತ್ತೆ!"

ಪಟಪಟಿ ಒಂದು ಕೈಯಲ್ಲಿ ತಾತನ ಗದ್ದ ಹಿಡಿದು, ಇನ್ನೊಂದು ಕೈಯಲ್ಲಿ ಬ್ರಷ್ಷನ್ನು ಗಿರಗಿರನೆ ತಿರುಗಿಸುತ್ತಿದ್ದಳು. ತಾತ ಬಾಲ್ಕನಿಯ ಸ್ಟೂಲಿನ ಮೇಲೆ ಕುತ್ತಿಗೆಗೆ ಟವೆಲ್ ಸುತ್ತಿಕೊಂಡು, ಕಣ್ಣು ಮುಚ್ಚಿ ಕುಳಿತಿದ್ದರು. ಈ ಕಿವಿಯಿಂದ ಆ ಕಿವಿಯವರೆಗೆ ಬಿಳಿ ನೊರೆ.

"ಆಮೇಲೆ ಏನಾಯ್ತು ಗೊತ್ತಾ? ಡ್ರಾಯಿಂಗ್ ಮಿಸ್ ನನ್ನ ಕುದುರೆ ನೋಡಿ, ನಾಯಿ ಚೆನ್ನಾಗಿ ಬಂದಿದೆ ಅಂದ್ರು. ನಾನೇನ್ ಹೇಳ್ಲಿ? ಹೂಂ ಮಿಸ್, ನಾಯಿನೇ ಅಂದೆ. ಆದ್ರೆ ಅದರ ಮೇಲೆ ರಾಜ ಕೂತಿದ್ದನಲ್ಲ ತಾತ!"

ತಾತನ ಹೊಟ್ಟೆ ಕುಲುಕಿತು. ನಗಲು ಬಾಯಿ ತೆರೆಯುವ ಹಾಗಿಲ್ಲ. ತೆರೆದರೆ ಸೋಪು ಒಳಗೆ.

ಪಟಪಟಿಗೆ ಬೇಕಾಗಿದ್ದೂ ಅದೇ. ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಕರೆಯುವಾಗ ಮಾತ್ರ ಕೇಳಿಸುತ್ತಿತ್ತು. ಉಳಿದಂತೆ ಎಲ್ಲರಿಗೂ ಅವಳು ಪಟಪಟಿ. ಬಾಯಿ ಬಿಟ್ಟರೆ ನಿಲ್ಲಿಸುವುದೇ ಇಲ್ಲ ಎಂದು ಇಟ್ಟ ಹೆಸರು. ಆದರೆ ಇಷ್ಟೊಂದು ಮಾತಾಡುವವಳ ಮಾತು ಕೇಳಲು ಯಾರಿಗೆ ಪುರುಸೊತ್ತಿದೆ ಹೇಳಿ? ಅಪ್ಪ ಬೆಳಗಿನ ಪಾಳಿಗೆ ಹೋಗಿ ಆಗಿರುತ್ತಿತ್ತು. ಅಮ್ಮನಿಗೆ ಏನು ಹೇಳಹೋದರೂ "ಆಮೇಲೆ ಹೇಳು" ಎನ್ನುತ್ತಿದ್ದಳು. ಆ ಆಮೇಲೆ ಯಾವತ್ತೂ ಬರುತ್ತಿರಲಿಲ್ಲ. ಕ್ಲಾಸಿನಲ್ಲಂತೂ ಬಾಯಿ ಮೇಲೆ ಬೆರಳು.

ಉಳಿದವರು ತಾತ ಒಬ್ಬರೇ. ದಿನಾ ಬೆಳಿಗ್ಗೆ ನೊರೆ ಕಲಸುವುದು, ತಾತನ ಮುಖಕ್ಕೆ ಬಳಿಯುವುದು ಪಟಪಟಿಯ ಕೆಲಸ. ಬಳಿದು ಮುಗಿಯುವವರೆಗೆ ತಾತ ಎದ್ದು ಹೋಗುವಂತಿಲ್ಲ, ನಡುವೆ ಬಾಯಿ ಹಾಕುವಂತಿಲ್ಲ. ಹಿಂದಿನ ದಿನದ ಸುದ್ದಿಯೆಲ್ಲ ಅವಳು ಅಲ್ಲಿ ಖಾಲಿ ಮಾಡುತ್ತಿದ್ದಳು.

"ಆಮೇಲೆ ತಾತ... ಅಯ್ಯಯ್ಯೋ, ಇದೇನಿದು? ನಿನ್ನ ಮುಖದಲ್ಲಿ ಗಡ್ಡಕ್ಕಿಂತ ಬ್ರಷ್ಷಿನ ಕೂದಲೇ ಜಾಸ್ತಿ ಇದೆ!"

ಬ್ರಷ್ ಕೂದಲು ಉದುರಿಸುವುದು ಹೊಸದೇನಲ್ಲ. ತಾತ ಬಸ್ ಡ್ರೈವರ್ ಕೆಲಸಕ್ಕೆ ಸೇರಿದಾಗ ಕೊಂಡ ಬ್ರಷ್ಷದು. ಅಮ್ಮ ಹುಟ್ಟುವ ಮೊದಲಿನದು. ಪಟಪಟಿ ಅಂಟಿದ ಕೂದಲನ್ನು ಹೆಕ್ಕಿ ತೆಗೆದು ಬ್ರಷ್ಷನ್ನು ಬಿಸಿನೀರಿನ ಮಗ್ಗಿನಲ್ಲಿ ಅದ್ದಿದಳು. ಹೊರಗೆ ಎಳೆದಾಗ ಕೈಗೆ ಬಂದದ್ದು ಹಿಡಿ ಮಾತ್ರ. ಕೂದಲಿನ ಮುದ್ದೆ ಪೂರ್ತಿ ಕಳಚಿಕೊಂಡು ನೀರಿನಲ್ಲಿ ತೇಲುತ್ತಿತ್ತು.

ತಾತ ಒಂದು ಕಣ್ಣು ತೆರೆದು ನೋಡಿದರು. "ಪಾಪ, ನನಗಿಂತ ಮೊದಲು ಅದೇ ಬೋಳಾಯ್ತಲ್ಲ!" ಎಂದರು. ಮರುಕ್ಷಣವೇ "ಥೂ ಥೂ" ಎಂದು ಸೋಪು ಉಗುಳಿದರು.

ಇದ್ದ ನೊರೆಯಲ್ಲೇ ಅವರು ಶೇವಿಂಗ್ ಮುಗಿಸಿದರು. ಗದ್ದದ ಹತ್ತಿರ ಬ್ಲೇಡು ತಾಗಿ ರಕ್ತ ಬಂತು. ಪೇಪರಿನ ಚೂರೊಂದನ್ನು ಹರಿದು ಅಂಟಿಸಿಕೊಂಡರು. ಈಚೆಗೆ ಆ ಪೇಪರ್ ಚೂರು ದಿನಾ ಇರುತ್ತಿತ್ತು. ಒಮ್ಮೊಮ್ಮೆ ಕಿವಿಯ ಕೆಳಗೂ ಇನ್ನೊಂದು.

ಬಟ್ಟೆ ಒಣಹಾಕಲು ಬಂದ ಅಮ್ಮ ಮೊದಲು ಗದ್ದ ನೋಡಿದಳು, ಆಮೇಲೆ ಮಗ್ಗು ನೋಡಿದಳು.

"ಬ್ರಷ್ ಹೋಗಿದ್ದು ಒಳ್ಳೇದೇ ಆಯ್ತು ಬಿಡಪ್ಪ" ಎಂದಳು. "ತಮ್ಮ ಕಳಿಸಿದ ಶೇವಿಂಗ್ ಮಷೀನು ಡಬ್ಬದಲ್ಲೇ ಕೂತಿದೆ. ನಾಳೆಯಿಂದ ಅದನ್ನೇ ಹಾಕ್ಕೋ."

"ಆ ಗುಂಯ್‌ಗುಂಯ್ ಯಾರಿಗೆ ಬೇಕಮ್ಮ?"

"ಕೈ ನಡುಗುತ್ತೆ ಅಪ್ಪ."

"ನಡುಗೋದಲ್ಲ ಅದು." ತಾತ ಬಲಗೈಯನ್ನು ಟವೆಲ್ಲಿನೊಳಗೆ ಸೇರಿಸಿಕೊಂಡರು. "ಅಷ್ಟು ವರ್ಷ ಬಸ್ ಓಡಿಸಿದ ಕೈ. ಇಂಜಿನ್ ಇನ್ನೂ ಆಫ್ ಆಗಿಲ್ಲ, ಅಷ್ಟೇ."

ಅಮ್ಮ ನಗಲಿಲ್ಲ. ತಾತನೂ ಹೆಚ್ಚು ವಾದಿಸಲಿಲ್ಲ. "ಆಗ್ಲಿ" ಎಂದು ಎದ್ದರು. ಅಮ್ಮ ಹಿಡಿಯನ್ನೂ ಕೂದಲನ್ನೂ ತೆಗೆದು ಕಸದ ಬುಟ್ಟಿಗೆ ಹಾಕಿದಳು.

ಮಾರನೇ ದಿನ ಪಟಪಟಿ ಹಲ್ಲುಜ್ಜಿ ಬರುವಷ್ಟರಲ್ಲಿ ತಾತನ ಮುಖ ನುಣ್ಣಗಾಗಿತ್ತು. ಅದರ ಮಾರನೇ ದಿನ ಬೇಗ ಎದ್ದು ಓಡಿ ಬಂದಳು. "ತಾತ, ನಿನ್ನೆ ಬಸ್ಸಲ್ಲಿ..." ಎಂದು ಶುರು ಮಾಡಿದಳು. ಮಷೀನು ಗುಂಯ್ ಎನ್ನುತ್ತಿತ್ತು. "ಆಂ? ಏನಂದೆ? ಕೇಳಿಸ್ಲಿಲ್ಲ" ಎಂದರು ತಾತ. ಅವಳು ಗಂಟಲು ಹರಿಯುವಂತೆ ಇನ್ನೊಮ್ಮೆ ಹೇಳಿದಳು. "ಬೆಳಬೆಳಿಗ್ಗೆ ಏನೇ ನಿನ್ನ ಕಿರುಚಾಟ!" ಎಂದು ಅಡುಗೆಮನೆಯಿಂದ ಅಮ್ಮ ಗದರಿದಳು. ಅಷ್ಟರಲ್ಲಿ ಶೇವಿಂಗ್ ಮುಗಿದು ತಾತ ಪೇಪರ್ ಹಿಡಿದಾಗಿತ್ತು.

ಹೇಳಬೇಕಾದ್ದೆಲ್ಲ ಹೊಟ್ಟೆಯಲ್ಲೇ ಉಳಿಯಿತು. ಪಟಪಟಿಗೆ ಬೇಜಾರಾಯಿತು, ಸಿಟ್ಟೂ ಬಂತು. ಎಲ್ಲದಕ್ಕೂ ಆ ಬೋಳು ಬ್ರಷ್ಷೇ ಕಾರಣ! ಅದೊಂದು ಸರಿಯಾದರೆ ಎಲ್ಲ ಮೊದಲಿನ ಹಾಗೆ ಆಗುತ್ತದೆ ಎಂದುಕೊಂಡಳು. ಕಸದ ಬುಟ್ಟಿಯನ್ನು ತಡಕಿದಳು. ಪುಣ್ಯಕ್ಕೆ ಅಮ್ಮ ಅದನ್ನು ಇನ್ನೂ ಕೆಳಗೆ ಸುರಿದಿರಲಿಲ್ಲ. ಆಲೂಗಡ್ಡೆ ಸಿಪ್ಪೆಯ ಕೆಳಗೆ ಹಿಡಿ ಸಿಕ್ಕಿತು.

ಶಾಲೆಯ ದಾರಿಯಲ್ಲಿ ಹಾರ್ಡ್‌ವೇರ್ ಅಂಗಡಿಯ ಹಿಂದೆ ಒಂದು ಬ್ರಷ್ ಕಾರ್ಖಾನೆ ಇತ್ತು. ಕಾರ್ಖಾನೆ ಎಂದರೆ ದೊಡ್ಡದಲ್ಲ, ಒಂದೇ ಕೋಣೆ. ಗೋಡೆಗೆ ಬಣ್ಣ ಬಳಿಯುವ ಬ್ರಷ್ಷು, ಬಾಟಲಿ ತೊಳೆಯುವ ಬ್ರಷ್ಷು, ಶೂಗೆ ಪಾಲಿಶ್ ಹಾಕುವ ಬ್ರಷ್ಷು ಸಾಲಾಗಿ ತೂಗಾಡುತ್ತಿದ್ದವು. ಅವುಗಳ ಕೆಳಗೆ ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡ ಒಬ್ಬರು ಕೂದಲಿನ ಕಂತೆಯನ್ನು ಬಾಚುತ್ತ ಕುಳಿತಿದ್ದರು.

"ಆಂಟಿ..."

"ಆಂಟಿ ಗೀಂಟಿ ಅಂದ್ರೆ ಬಾಗಿಲು ಹಾಕ್ತೀನಿ ನೋಡು. ಅಕ್ಕ ಅನ್ನು."

ಪಟಪಟಿಯ ಲೆಕ್ಕದಲ್ಲಿ ಅಜ್ಜಿ ಅನ್ನಬೇಕಿತ್ತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು "ಅಕ್ಕ" ಎಂದಳು. ಹಿಡಿಯನ್ನು ಮುಂದಿಟ್ಟು ನಡೆದದ್ದೆಲ್ಲ ಹೇಳತೊಡಗಿದಳು. ನೊರೆ, ಮಷೀನು, ಆಲೂಗಡ್ಡೆ ಸಿಪ್ಪೆ, ನಾಯಿಯಂಥ ಕುದುರೆ, ಒಂದನ್ನೂ ಬಿಡಲಿಲ್ಲ.

"ಸಾಕು ಸಾಕು, ಬ್ರೇಕ್ ಹಾಕು!" ಬ್ರಷ್ ಅಕ್ಕ ಕನ್ನಡಕ ಏರಿಸಿ ಹಿಡಿಯನ್ನು ಬೆಳಕಿಗೆ ಹಿಡಿದರು, ಉಗುರಿನಿಂದ ಕೆರೆದರು, ಮೂಸಿದರು. "ಹಿಡಿ ಕಲ್ಲಿನ ಹಾಗಿದೆ. ಗಂಟು ಹೋಗಿದೆ ಅಷ್ಟೇ."

"ಗಂಟಾ?"

"ಕೂದಲಿನ ಕಂತೆ ಇರುತ್ತಲ್ಲ, ಬುಡದಲ್ಲಿ ಬಿಗಿಯಾಗಿ ಕಟ್ಟಿರ್ತೀವಿ. ನಾವು ಅದನ್ನ ಗಂಟು ಅಂತೀವಿ. ಹೊಸ ಗಂಟು ಕೂರಿಸಿದ್ರೆ ನಿಮ್ಮ ತಾತ ಅಲ್ಲ, ನಿನ್ನ ಮೊಮ್ಮಕ್ಕಳೂ ಗಡ್ಡ ಬೋಳಿಸ್ಕೋಬಹುದು. ಆದ್ರೆ ಈ ಕೊಳಕು ಹಿಡಿಗೆ ನಾನು ಕೈ ಹಚ್ಚೋದಿಲ್ಲ. ತಿಕ್ಕಿ ತೊಳೆದು ತಾ."

ಪಟಪಟಿ ಹಾರಿಕೊಂಡೇ ಮನೆಗೆ ಬಂದಳು. ಮೆಟ್ಟಿಲ ಬುಡದಿಂದಲೇ ಕೂಗಿದಳು. "ಅಮ್ಮಾ! ತಾತನ ಗಂಟು ಹೋಯ್ತಂತೆ! ಪೂರ್ತಿ ಹೋಯ್ತಂತೆ!"

ಕೆಳಗಿನ ಮನೆಯ ಅಂಕಲ್ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಹೊರಗೆ ಓಡಿ ಬಂದರು. "ಅಯ್ಯೋ ದೇವ್ರೇ! ಯಾವ ಬ್ಯಾಂಕಲ್ಲಿ ಇಟ್ಟಿದ್ರು? ಯಾರು ಹೊಡೆದ್ರು?"

ಮೇಲಿನ ಬಾಲ್ಕನಿಯಿಂದ ತಾತ ಬಗ್ಗಿ ನೋಡಿದರು. "ನನ್ನ ಹತ್ರ ಗಂಟು ಇತ್ತು ಅನ್ನೋದೇ ನನಗೆ ಗೊತ್ತಿರಲಿಲ್ವಲ್ಲ ಮಾರಾಯ!"

ವಿಷಯ ತಿಳಿದ ಮೇಲೆ ಅಂಕಲ್ ನಗುತ್ತ ಒಳಗೆ ಹೋದರು. ಅಮ್ಮ ಮಾತ್ರ ನಗಲಿಲ್ಲ. "ಆ ಹಳೇ ಬ್ರಷ್ಷಿಗೆ ಯಾಕೆ ರಿಪೇರಿ? ಈಗ ಮಷೀನೇ ಇದೆಯಲ್ಲ" ಎಂದು ತಾತನ ಮುಖ ನೋಡಿದಳು.

ತಾತ ಪಟಪಟಿಯ ಕೈಯಲ್ಲಿದ್ದ ಹಿಡಿಯನ್ನು ನೋಡಿದರು. "ಮಾಡ್ಲಿ ಬಿಡು. ಉಳಿದಿದ್ದು ನಾನು ನೋಡ್ಕೋತೀನಿ" ಎಂದರು.

ಹಿಡಿಯ ಮೇಲೆ ಎಷ್ಟೋ ವರ್ಷಗಳ ಸೋಪು ಪದರ ಪದರವಾಗಿ ಕೂತಿತ್ತು. ಪಟಪಟಿ ಅದನ್ನು ನಿಂಬೆರಸ ಹಾಕಿದ ಬಿಸಿನೀರಿನಲ್ಲಿ ನೆನೆಸಿದಳು. ಹಳೇ ಟೂತ್‌ಬ್ರಷ್ಷಿನಿಂದ ತಿಕ್ಕಿದಳು. ಆಮೇಲೆ ತಾತನ ಹಳೇ ಬನಿಯನ್ ಚೂರಿಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜತೊಡಗಿದಳು. ಊಟ ಮಾಡುವಾಗಲೂ ಉಜ್ಜಿದಳು. ಬಸ್ಸಿನಲ್ಲೂ ಉಜ್ಜಿದಳು. ಕೊನೆಗೆ ಕ್ಲಾಸಿನಲ್ಲೂ ಡೆಸ್ಕಿನ ಕೆಳಗೆ ಉಜ್ಜುತ್ತಿದ್ದಾಗ ಲೆಕ್ಕದ ಸರ್ ಕಣ್ಣಿಗೆ ಬಿದ್ದಳು.

"ಏನದು ಕೈಯಲ್ಲಿ?"

ಪಟಪಟಿ ಎದ್ದು ನಿಂತು ಕೈ ಮುಂದೆ ಮಾಡಿದಳು. "ಹಿಡಿ ಸರ್."

"ನಾನ್ಯಾಕೆ ಹಿಡೀಬೇಕು? ನೀನೇ ಹೇಳು, ಏನದು?"

"ಹಿಡಿ ಸರ್, ಹಿಡಿ!"

"ನನಗೇ ಹಿಡಿ ಅಂತೀಯಾ?"

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಪಟಪಟಿ ಅರ್ಥ ಬಿಡಿಸಿ ಹೇಳುವ ಹೊತ್ತಿಗೆ ಸರ್ ಕೂಡ ಮೀಸೆಯೊಳಗೇ ನಗುತ್ತಿದ್ದರು. ಹಿಡಿಯನ್ನು ತಿರುಗಿಸಿ ನೋಡಿ, "ಚೆನ್ನಾಗಿ ಹೊಳೆಯೋ ಹಾಗೆ ಮಾಡಿದ್ದೀಯ. ಈ ಕೆಂಪು ಗೆರೆ ನೀನೇ ಬರೆದದ್ದಾ?" ಎಂದರು.

"ಯಾವ ಗೆರೆ ಸರ್?"

ಕೊಳೆ ಹೋದ ಜಾಗದಲ್ಲಿ, ಹಿಡಿಯ ಸೊಂಟದ ಸುತ್ತ, ದಾರದಷ್ಟು ಸಣ್ಣ ಕೆಂಪು ಗೆರೆ ಕಾಣುತ್ತಿತ್ತು. ಕಂದು ಬಣ್ಣದ್ದು ಎಂದುಕೊಂಡಿದ್ದ ಹಿಡಿ ಬೆಣ್ಣೆ ಬಣ್ಣಕ್ಕೆ ತಿರುಗಿತ್ತು. ಸಂಜೆ ತೋರಿಸಿದಾಗ ತಾತ ಅದರ ಮೇಲೆ ಹೆಬ್ಬೆರಳು ಆಡಿಸಿದರು. "ಅರೆ, ಕೆಂಪು ಗೆರೆ ಇತ್ತಲ್ವಾ! ಈ ಗೆರೆ ನೋಡಿಯೇ ಕೊಂಡಿದ್ದೆ. ಮರೆತೇಬಿಟ್ಟಿದ್ದೆ ನೋಡು" ಎಂದು ತುಂಬ ಹೊತ್ತು ಅದನ್ನೇ ನೋಡಿದರು.

ಬ್ರಷ್ ಅಕ್ಕನಿಗೂ ಹಿಡಿ ಮೆಚ್ಚಿಗೆಯಾಯಿತು. ಹಾಗೆಂದು ಬಾಯಿ ಬಿಟ್ಟು ಹೇಳಲಿಲ್ಲ, "ಹೂಂ, ಪರವಾಗಿಲ್ಲ" ಎಂದರು. ಹಿಡಿಗೆ ಬಟ್ಟೆ ಸುತ್ತಿ, ಮೇಜಿಗೆ ಬಿಗಿದ ಕಬ್ಬಿಣದ ಇಕ್ಕಳದಲ್ಲಿ ಸಿಕ್ಕಿಸಿದರು. ಒಳಗಿನ ಗುಳಿಯಲ್ಲಿ ಹಳೇ ಅಂಟು ಕಲ್ಲಾಗಿ ಕೂತಿತ್ತು. ಕೈಯಿಂದ ತಿರುಗಿಸುವ ಡ್ರಿಲ್ ಅನ್ನು ಪಟಪಟಿಗೆ ಕೊಟ್ಟು, "ನಿಧಾನ. ಅವಸರ ಮಾಡಿದ್ರೆ ಹಿಡಿ ಸೀಳಿ ಎರಡು ಹೋಳು" ಎಂದರು.

ಪಟಪಟಿ ಉಸಿರು ಬಿಗಿಹಿಡಿದು ತಿರುಗಿಸಿದಳು. ಅಂಟು ಪುಡಿಪುಡಿಯಾಗಿ ಮೇಲೆ ಬಂತು. ಊದಿದಳು, ಕಣ್ಣಿಗೆ ಬಿತ್ತು, ಸೀನಿದಳು. ಕಡ್ಡಿಗೆ ಸ್ಯಾಂಡ್ ಪೇಪರ್ ಸುತ್ತಿ ಗುಳಿಯ ಗೋಡೆಯನ್ನೂ ಉಜ್ಜಿದಳು.

ಅಕ್ಕ ಡ್ರಾಯರ್‌ನಿಂದ ಕಟ್ಟಿಟ್ಟ ಗಂಟೊಂದನ್ನು ತೆಗೆದರು.

"ಇದು ಯಾವುದರ ಕೂದಲು ಅಕ್ಕ?"

"ಹಂದಿದು."

"ಛೀ! ಹಂದಿದಾ?"

"ನಿಮ್ಮ ತಾತನ ಗಡ್ಡಕ್ಕೆ ತಿಕ್ತಾರೆ ಅಂತ ಗೊತ್ತಾದ್ರೆ ಹಂದಿನೂ ಛೀ ಅನ್ನುತ್ತೆ, ಸುಮ್ನಿರು."

ಅಕ್ಕ ಗಂಟನ್ನು ಗುಳಿಯಲ್ಲಿ ಕೂರಿಸಿ ನೋಡಿದರು, ತೆಗೆದರು, ಕೆಳಗೆ ರಟ್ಟಿನ ಬಿಲ್ಲೆ ಇಟ್ಟು ಮತ್ತೆ ಕೂರಿಸಿದರು. "ಕೂದಲು ಜಾಸ್ತಿ ಹೊರಗಿದ್ರೆ ಬಳಬಳ ಬಳುಕುತ್ತೆ. ಜಾಸ್ತಿ ಒಳಗೆ ಹೋದ್ರೆ ಮೊಳೆ ಥರ ಆಗುತ್ತೆ. ಹದ ಇರ್ಬೇಕು." ಕೊನೆಗೆ ಎರಡು ಟ್ಯೂಬಿನ ಅಂಟನ್ನು ತಗಡಿನ ಮೇಲೆ ಕಲಸಿ, ಒಂದು ಹನಿ ಮಾತ್ರ ಒಳಗೆ ಬಿಟ್ಟು, ಗಂಟನ್ನು ಒತ್ತಿದರು. "ಮುಗೀತು. ನಾಳೆವರೆಗೆ ನೀರು ಮುಟ್ಟಿಸ್ಬೇಡ."

ನೀರು ಮುಟ್ಟಿಸಬೇಡ ಎಂದಿದ್ದರು. ಕತ್ತರಿ ಮುಟ್ಟಿಸಬೇಡ ಎಂದು ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಪಟಪಟಿ ಬ್ರಷ್ಷನ್ನು ಮೇಜಿನ ಮೇಲೆ ನಿಲ್ಲಿಸಿ ಅದರ ಮುಂದೆಯೇ ಕುಳಿತಳು. ಎಲ್ಲ ಚೆನ್ನಾಗಿತ್ತು, ಆದರೆ ಅಲ್ಲೊಂದು ಇಲ್ಲೊಂದು ಕೂದಲು ತಲೆ ಎತ್ತಿ ನಿಂತಿತ್ತು. ಉಗುರು ಕತ್ತರಿಸುವ ಚಿಕ್ಕ ಕತ್ತರಿ ತಂದು ಒಂದನ್ನು ಕತ್ತರಿಸಿದಳು. ಈಗ ಪಕ್ಕದ್ದು ಉದ್ದ ಕಾಣಿಸಿತು. ಅದನ್ನೂ ಕತ್ತರಿಸಿದಳು. ಆ ಕಡೆ ಸಮ ಮಾಡಿದರೆ ಈ ಕಡೆ ಉದ್ದ, ಈ ಕಡೆ ಸಮ ಮಾಡಿದರೆ ಆ ಕಡೆ ಉದ್ದ. ಮುಗಿಯುವ ಹೊತ್ತಿಗೆ ಬ್ರಷ್ಷಿಗೆ ಪೂರ್ತಿ ಕಟಿಂಗ್ ಆಗಿತ್ತು. ಮೇಲ್ಭಾಗ ಸಪಾಟು. "ಆಹಾ, ಈಗ ನೀಟಾಯ್ತು" ಎಂದು ತಾನೇ ಬೆನ್ನು ತಟ್ಟಿಕೊಂಡಳು.

ಮರುದಿನ ತಾತ ಮತ್ತೆ ಸ್ಟೂಲಿನ ಮೇಲೆ ಬಂದು ಕೂತರು. ಪಟಪಟಿ ನೊರೆ ಕಲಸಿದಳು. ಒದ್ದೆಯಾದ ಹೊಸ ಕೂದಲು ಮಳೆಯಲ್ಲಿ ನೆನೆದ ನಾಯಿಯ ಹಾಗೆ ನಾರುತ್ತಿತ್ತು. ತಾತ ಮೂಗು ಮುರಿಯಲಿಲ್ಲ. ಅವಳು ಬಳಿದಳು, ಬಳಿಯುತ್ತ ಮಾತಾಡಿದಳು. ಹಿಡಿ ಎಂದು ಹೇಳಿ ಬೈಸಿಕೊಂಡದ್ದು, ಬಸ್ಸಿನಲ್ಲಿ ಒಬ್ಬನ ಟಿಫಿನ್ ಡಬ್ಬ ಉರುಳಿಕೊಂಡು ಡ್ರೈವರ್ ಕಾಲ ಬುಡಕ್ಕೆ ಹೋದದ್ದು, ಎಲ್ಲ ಹೊರಗೆ ಬಂತು. ಎಷ್ಟು ಹಗುರಾಯಿತು ಅವಳಿಗೆ!

ತಾತ ತಾವೇ ಕನ್ನಡಿ ಹಿಡಿದು ಗಡ್ಡ ಕೆರೆದುಕೊಂಡು, ರೇಜರನ್ನು ತಾವೇ ತೊಳೆದಿಟ್ಟರು.

"ಹೇಗಿತ್ತು ತಾತ?"

"ಭರ್ಜರಿ!"

ಆದರೆ ತಾತನ ಕಣ್ಣಲ್ಲಿ ನೀರಿತ್ತು. ಟವೆಲ್ಲಿನಿಂದ ಒರೆಸಿಕೊಂಡ ಕೆನ್ನೆಗಳು ಟೊಮೇಟೊ ಹಾಗೆ ಕೆಂಪಗಾಗಿದ್ದವು. ಪಟಪಟಿಗೆ ಅನುಮಾನ ಬಂತು. ಬ್ರಷ್ಷನ್ನು ತನ್ನ ಕೆನ್ನೆಗೇ ತಿಕ್ಕಿಕೊಂಡಳು.

"ಅಯ್ಯಮ್ಮಾ! ಚುಚ್ಚುತ್ತೆ ತಾತ! ಮುಳ್ಳಿನ ಹಾಗಿದೆ! ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತಿದ್ದೆಯಲ್ಲ" ಎಂದರು ತಾತ. "ಡಬ್ಬ ಉರುಳ್ತಾ ಇತ್ತು. ಮಧ್ಯ ಹೇಗೆ ನಿಲ್ಸೋದು?"

ಪಟಪಟಿಗೆ ಅಳು ಬಂದುಬಿಟ್ಟಿತು. ಬ್ರಷ್ಷನ್ನು ಬ್ಯಾಗಿಗೆ ತುರುಕಿಕೊಂಡು, ಸಂಜೆ ಶಾಲೆ ಬಿಟ್ಟ ಕೂಡಲೇ ಕಾರ್ಖಾನೆಗೆ ಓಡಿದಳು. ಬ್ರಷ್ಷಿನ ತಲೆ ನೋಡಿದ್ದೇ ತಡ, ಬ್ರಷ್ ಅಕ್ಕನ ಕನ್ನಡಕ ಮೂಗಿನಿಂದ ಜಾರಿತು.

"ಕತ್ತರಿ ಹಾಕಿದ್ಯಾ? ತುದಿಗೆ? ಅಯ್ಯೋ ಪುಣ್ಯಾತ್ಗಿತ್ತಿ, ಏನ್ ಕೆಲ್ಸ ಮಾಡ್ದೆ!"

"ನೀಟಾಗಿ ಕಾಣ್ಲಿ ಅಂತ..."

"ನೀಟಂತೆ ನೀಟು! ಬಾ ಇಲ್ಲಿ." ಅಕ್ಕ ಒಂದು ಇಡೀ ಕೂದಲನ್ನು ಭೂತಗನ್ನಡಿಯ ಕೆಳಗೆ ಹಿಡಿದರು. ಅದರ ತುದಿ ಸಣ್ಣಗಾಗುತ್ತ ಹೋಗಿ, ಕೊನೆಗೆ ಎಳೆ ಎಳೆಯಾಗಿ ಸೀಳಿಕೊಂಡಿತ್ತು. "ಇದು ಹುಟ್ಟಿನಿಂದ ಬಂದ ತುದಿ. ಅದಕ್ಕೇ ಮೆತ್ತಗಿರುತ್ತೆ. ಇದನ್ನ ಯಾರೂ ಮಾಡೋಕಾಗಲ್ಲ. ಈಗ ನೀನು ಕತ್ತರಿಸಿದ್ದು ನೋಡು."

ಪಟಪಟಿ ಕತ್ತರಿಸಿದ ಕೂದಲು ಕಡಿದ ಕಬ್ಬಿನ ಜಲ್ಲೆಯ ಹಾಗೆ ಮೊಂಡಾಗಿತ್ತು.

"ಮತ್ತೆ ನೀವು ಸಮ ಮಾಡೋದು ಹೇಗೆ ಅಕ್ಕ?"

"ಕತ್ತರಿಸೋದು ಬುಡವನ್ನ. ತುದಿ ಮುಟ್ಟೋ ಹಾಗಿಲ್ಲ. ಈ ಸಲ ನಾನು ಕಟ್ಟಿದ ಗಂಟು ಕೊಡೋದಿಲ್ಲ. ನೀನೇ ಕಟ್ಟು, ಆಗ ಕತ್ತರಿ ಮುಟ್ಟೋಕೆ ಕೈ ಬರಲ್ಲ."

ಮೊದಲು ಡ್ರಿಲ್ ಹಿಡಿದು ಗುಳಿಯನ್ನು ಮತ್ತೆ ಖಾಲಿ ಮಾಡಿದ್ದಾಯಿತು. ಆಮೇಲೆ ಅಕ್ಕ ಕೂದಲಿನ ಕಂತೆಯೊಂದನ್ನೂ ತಳ ದುಂಡಗಿದ್ದ ಚಿಕ್ಕ ಹಿತ್ತಾಳೆ ಬಟ್ಟಲನ್ನೂ ಕೊಟ್ಟರು. ತುದಿ ಕೆಳಗೆ, ಬುಡ ಮೇಲೆ. ಬಟ್ಟಲಿಗೆ ಇಳಿಸಿ ಮೇಜಿನ ಮೇಲೆ ಟಕಟಕ ಕುಟ್ಟಬೇಕು. ಒಂದೊಂದು ಕೂದಲೂ ಜಾರಿ ತಳ ಮುಟ್ಟುತ್ತದೆ. ತಳ ದುಂಡಗಿರುವುದರಿಂದ ತುದಿಗಳೂ ದುಂಡಗೆ ಕೂರುತ್ತವೆ. ಆಗ ಬುಡಕ್ಕೆ ದಾರ ಸುತ್ತಿ ಬಿಗಿಯಬೇಕು.

ಕೇಳುವುದಕ್ಕೆ ಸುಲಭ. ಪಟಪಟಿಯ ಮೊದಲ ಗಂಟು ಬಟ್ಟಲಿನಿಂದ ತೆಗೆದ ಕೂಡಲೇ ಮೇಜಿನ ತುಂಬ ಚೆಲ್ಲಿತು. ಮತ್ತೊಂದು ಸೊಟ್ಟಗಾಯಿತು. ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಬೆರಳಿಗೆ ಸುತ್ತಿ ಎಳೆಯಬೇಕಿತ್ತು. ಬೆರಳಿನ ಮೇಲೆ ಕೆಂಪು ಬರೆ ಎದ್ದಿತು. ಹಲ್ಲಲ್ಲಿ ದಾರ ಕಚ್ಚಿಕೊಂಡು ಮಾತಾಡಲು ಆಗುವುದಿಲ್ಲ. ಕೋಣೆಯಲ್ಲಿ ಟಕಟಕ ಸದ್ದೊಂದೇ.

"ಏನಮ್ಮ, ಬ್ಯಾಟರಿ ಮುಗೀತಾ?" ಎಂದರು ಅಕ್ಕ.

ಪಟಪಟಿ ತಲೆ ಅಲ್ಲಾಡಿಸಿ ದಾರವನ್ನು ಇನ್ನಷ್ಟು ಬಿಗಿದಳು. ಈ ಸಲ ಗಂಟು ನಿಂತಿತು. ಅಕ್ಕ ಅದನ್ನು ಹಿಡಿದು ಎಳೆದರು, ಜಗ್ಗಿದರು. ಒಂದು ಕೂದಲೂ ಬರಲಿಲ್ಲ. ಬುಡವನ್ನು ಕಚಕ್ಕನೆ ಸಮನಾಗಿ ಕತ್ತರಿಸಿಕೊಟ್ಟರು. ಅಂಟು ಹಾಕಿ ಕೂರಿಸಿದ್ದು ಪಟಪಟಿಯೇ. ಒಂದೆರಡು ಕೂದಲು ಈಗಲೂ ತಲೆ ಎತ್ತಿ ನಿಂತಿದ್ದವು. ಅವುಗಳ ತಂಟೆಗೆ ಅವಳು ಹೋಗಲಿಲ್ಲ.

ಅಂಟು ಒಣಗಿದ ಮೇಲೆ ಬ್ರಷ್ಷಿಗೆ ದಿನಾ ಸೋಪಿನ ಸ್ನಾನ ನಡೆಯಿತು. ನಾಯಿಯ ವಾಸನೆ ಒಂದಿಷ್ಟೂ ಉಳಿಯದ ಮೇಲೆ, ರಜಾ ದಿನ ಬೆಳಿಗ್ಗೆ ಶೇವಿಂಗ್ ಎಂದು ತೀರ್ಮಾನವಾಯಿತು.

ಆ ಬೆಳಿಗ್ಗೆ ಪಟಪಟಿಗೆ ಅರೆನಿದ್ದೆಯಲ್ಲಿ ಎಲ್ಲೋ ಗುಂಯ್ ಎಂದಂತಾಯಿತು. ನೊಣ ಇರಬೇಕು ಎಂದು ಹೊದಿಕೆ ಎಳೆದುಕೊಂಡಳು. ಎದ್ದು ಬಂದಾಗ ತಾತ ಟವೆಲ್ ಸುತ್ತಿಕೊಂಡು ತಯಾರಾಗಿ ಕೂತಿದ್ದರು.

"ಏನು ಲೇಟು? ಗಿರಾಕಿ ಆಗ್ಲೇ ಬಂದು ಕಾಯ್ತಿದ್ದೀನಿ!"

ಬ್ರಷ್ಷನ್ನು ಬಟ್ಟಲಲ್ಲಿ ತಿರುಗಿಸಿದಳು. ಗಂಟು ಅರಳಿತು. ನೊರೆ ಉಕ್ಕಿ ಬಟ್ಟಲಿನ ಅಂಚು ದಾಟಿತು. ತಾತನ ಕೆನ್ನೆಯ ಮೇಲೆ ಇಟ್ಟ ಕೂಡಲೇ ಅವರು "ಆಹಾಹಾ" ಎಂದು ಕಣ್ಣು ಮುಚ್ಚಿದರು.

"ಚುಚ್ಚುತ್ತಾ ತಾತ? ನಿಜ ಹೇಳ್ಬೇಕು."

"ನಿಜವಾಗ್ಲೂ ಇಲ್ಲ ಕಣೇ. ಹತ್ತಿ ಇಟ್ಟ ಹಾಗಿದೆ."

ಪಟಪಟಿಗೆ ಕುಣಿಯುವಷ್ಟು ಖುಷಿಯಾಯಿತು. ಮೀಸೆಯ ಜಾಗಕ್ಕೂ ತುಟಿಗೂ ದಪ್ಪಗೆ ನೊರೆ ಮೆತ್ತಿ ಶುರು ಮಾಡಿದಳು. ಆಟದ ಪೀರಿಯಡ್ಡಿನಲ್ಲಿ ಚೆಂಡು ಹೋಗಿ ಹೆಡ್‌ಮಿಸ್ಸಿನ ಟೀ ಕಪ್ಪಿಗೇ ಬಿದ್ದ ಕತೆ. ಯಾರು ಒದ್ದದ್ದು, ಯಾರು ಅಡಗಿದ್ದು, ಯಾರು ಹೋಗಿ ಚೆಂಡು ಕೇಳಬೇಕು ಎಂದು ಜಗಳವಾದದ್ದು. ತಾತ ರೇಜರ್ ಹಿಡಿದು ಕೆನ್ನೆಯ ಮೇಲೆ ಎಳೆದರು. ನೊರೆಯ ನಡುವೆ ಒಂದು ದಾರಿ ಮೂಡಿತು. ಕೈ ನಡುಗಿ ಆ ದಾರಿ ಸೊಟ್ಟಸೊಟ್ಟಗೆ ಹೋಯಿತು.

"ಕೊನೆಗೆ ನಾನೇ ಹೋದೆ ತಾತ. ಹೆಡ್‌ಮಿಸ್ ಏನಂದ್ರು ಗೊತ್ತಾ..."

ರೇಜರ್ ತಾತನ ಬೆರಳುಗಳಿಂದ ಜಾರಿ ಮಗ್ಗಿನೊಳಗೆ ಬಿತ್ತು.

"ಬಿಡು ಬಿಡು, ನಾನು ತೆಗೀತೀನಿ" ಎಂದು ತಾತ ಅವಸರವಾಗಿ ಕೈ ಚಾಚಿದರು. ಅಷ್ಟರಲ್ಲಿ ಪಟಪಟಿ ಅದನ್ನು ಎತ್ತಿಯಾಗಿತ್ತು. ತಿರುಪು ಸಡಿಲವಾಗಿ ರೇಜರಿನ ಮೇಲಿನ ತಗಡು ಕೈಗೆ ಬಂತು. ಬ್ಲೇಡು ನೀರಿನಲ್ಲಿ ಬಿದ್ದಿರಬೇಕೆಂದು ಅವಳು ಮಗ್ಗಿನೊಳಗೆ ಇಣುಕಿದಳು. ನೀರನ್ನು ಚೆಲ್ಲಿಯೂ ನೋಡಿದಳು.

ಬ್ಲೇಡು ಇರಲಿಲ್ಲ. ರೇಜರಿನಲ್ಲಿ ಬ್ಲೇಡೇ ಹಾಕಿರಲಿಲ್ಲ.

ಅವಳು ತಾತನ ಕೆನ್ನೆಯನ್ನು ನೋಡಿದಳು. ನೊರೆ ಸರಿದಿದ್ದ ಜಾಗವನ್ನು ಬೆರಳಿಂದ ಮುಟ್ಟಿದಳು. ನುಣ್ಣಗಿತ್ತು. ಅದರ ಪಕ್ಕ ನೊರೆಯ ಕೆಳಗೆ, ರೇಜರ್ ಇನ್ನೂ ಮುಟ್ಟದ ಕಡೆಯೂ ಬೆರಳಾಡಿಸಿದಳು. ಅಲ್ಲೂ ಅಷ್ಟೇ ನುಣ್ಣಗಿತ್ತು. ಬೆಳಿಗ್ಗೆ ಗುಂಯ್ ಎಂದದ್ದು ನೊಣವಲ್ಲ ಎಂದು ಆಗ ಅವಳಿಗೆ ಗೊತ್ತಾಯಿತು.

ತಾತ ಒಂದೇ ಕಣ್ಣು ತೆರೆದು ಅವಳನ್ನು ನೋಡುತ್ತಿದ್ದರು. ಬೆಲ್ಲದ ಡಬ್ಬಕ್ಕೆ ಕೈ ಹಾಕಿ ಸಿಕ್ಕಿಬಿದ್ದ ಮಗುವಿನ ಮುಖ ಅವರದು. ಬಾಯಿಯ ಮೇಲೆ ನೊರೆ. ಏನೂ ಹೇಳುವ ಹಾಗಿರಲಿಲ್ಲ.

ಹೆಡ್‌ಮಿಸ್ಸಿನ ಕತೆ ಎಲ್ಲಿಗೆ ನಿಂತಿತ್ತೋ ಅಲ್ಲೇ ನಿಂತಿತು. ಪಟಪಟಿಗೆ ಅಳುವೂ ಬಂತು, ಜೊತೆಗೇ ನಗುವೂ ಬಂತು. ತಗಡನ್ನು ಅದರ ಜಾಗದಲ್ಲಿಟ್ಟು ತಿರುಪನ್ನು ಬಿಗಿಯಾಗಿ ತಿರುಗಿಸಿದಳು. ರೇಜರನ್ನು ಒರೆಸಿ ತಾತನ ಕೈಗೆ ಕೊಟ್ಟಳು. ಆಮೇಲೆ ತನ್ನ ಹೆಬ್ಬೆರಳಿನಿಂದ ತಾತನ ತುಟಿಯ ಮೇಲಿನ ನೊರೆಯನ್ನು ಈ ಕಡೆಯಿಂದ ಆ ಕಡೆಗೆ ಒರೆಸಿ ತೆಗೆದಳು.

"ಈಗ ನೀನು ಹೇಳು ತಾತ."

"ನಾನಾ?" ತಾತನಿಗೆ ಆಶ್ಚರ್ಯವಾಯಿತು. "ನಾನೇನ್ ಹೇಳ್ಲಿ?"

"ಏನಾದ್ರೂ. ನೀನು ಬಸ್ ಓಡಿಸ್ತಿದ್ದಾಗಿಂದು."

"ಅದನ್ನೆಲ್ಲ ಕೇಳೋಕೆ ಯಾರಿಗಿದೆ ಪುರುಸೊತ್ತು" ಎಂದು ತಾತ ನಕ್ಕರು. ಪಟಪಟಿ ನಗಲಿಲ್ಲ. ಬಟ್ಟಲು ಹಿಡಿದುಕೊಂಡು ಅವರ ಮುಂದೆ ನಿಂತೇ ಇದ್ದಳು. ಒಳಗಿನಿಂದ ಅಮ್ಮ ತಿಂಡಿಗೆ ಕರೆದಳು. ಇಬ್ಬರೂ ಓಗೊಡಲಿಲ್ಲ.

ತಾತ ಗಂಟಲು ಸರಿಮಾಡಿಕೊಂಡರು. "ಒಂದ್ಸಲ ಏನಾಯ್ತು ಅಂದ್ರೆ... ಬಸ್ ತುಂಬಾ ಜನ. ಸೇತುವೆ ಮೇಲೆ ಬಂದಿದ್ದೀನಿ. ನೋಡ್ತೀನಿ, ರಸ್ತೆ ಮಧ್ಯದಲ್ಲೇ ಒಂದು ಬಾತುಕೋಳಿ, ಅದರ ಹಿಂದೆ ಮರಿಗಳು. ಒಂದೂ ಜಾಗ ಬಿಡ್ತಿಲ್ಲ..."

ಪಟಪಟಿ ಬ್ರಷ್ಷನ್ನು ನೊರೆಯಲ್ಲಿ ಅದ್ದಿದಳು. ತಾತನ ಕೆನ್ನೆಗೆ ಬಳಿದಳು, ಗದ್ದಕ್ಕೆ ಬಳಿದಳು, ಕುತ್ತಿಗೆಗೂ ಬಳಿದಳು. ಬಾಯಿಯ ಸುತ್ತ ಮಾತ್ರ ಜಾಗ ಬಿಟ್ಟಳು.